ಕೊಲಂಬೊ–ಮಾಲೆಯೋ, ಸಿಂಗಪುರ–ಬಾಲಿಯೋ? ಎರಡು ದ್ವೀಪಗಳ ನಡುವಿನ ದೂರ, ಹಾರಾಟದ ಸಮಯ ಮತ್ತು ಆಯ್ಕೆಯ ಲೆಕ್ಕ

ಒಂದೇ ಪ್ರವಾಸದಲ್ಲಿ ಎರಡು ದ್ವೀಪ ನೋಡಿ ಬರಬೇಕು ಎನ್ನುವವರ ಮುಂದೆ ಸಾಮಾನ್ಯವಾಗಿ ಎರಡು ಜೋಡಿಗಳಿರುತ್ತವೆ. ಶ್ರೀಲಂಕಾದ ಕೊಲಂಬೊ ಮತ್ತು ಮಾಲ್ಡೀವ್ಸ್‌ನ ಮಾಲೆ ಒಂದು. ಸಿಂಗಪುರ ಮತ್ತು ಬಾಲಿಯ ಡೆನ್ಪಸಾರ್ ಇನ್ನೊಂದು. ಕೊಲಂಬೊದಿಂದ ಮಾಲೆಗೆ ನೇರ ದೂರ ಸುಮಾರು 780 ಕಿ.ಮೀ., ಹಾರಾಟ ಹೆಚ್ಚುಕಡಿಮೆ ಒಂದೂವರೆ ಗಂಟೆ. ಸಿಂಗಪುರದಿಂದ ಡೆನ್ಪಸಾರ್‌ಗೆ ಸುಮಾರು 1,670 ಕಿ.ಮೀ., ಎರಡೂ ಮುಕ್ಕಾಲು ಗಂಟೆ. ಈ ಎರಡು ಸಂಖ್ಯೆ ನೋಡಿ ಟಿಕೆಟ್ ತೆಗೆದವರು ಆಮೇಲೆ ಪೇಚಾಡುವುದುಂಟು. ಒಂದೂವರೆ ಗಂಟೆಯ ಹಾರಾಟಕ್ಕೆ ಇಡೀ ದಿನ ಹೋಗಬಹುದು. ಹತ್ತಿರದ ದ್ವೀಪಕ್ಕೆ ಸುತ್ತು ಜಾಸ್ತಿಯಾಗಿ, ದೂರದ ದ್ವೀಪ ದಾರಿಯಲ್ಲೇ ಸಿಗಬಹುದು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆಯಿಂದ ಹೊರಡುವವರಿಗೆ ವಿಮಾನ ಏರುವ ಜಾಗ ಒಂದೇ, ದೇವನಹಳ್ಳಿ. ಆದ್ದರಿಂದ ಎರಡು ದ್ವೀಪಗಳ ನಡುವಿನ ದೂರವನ್ನಷ್ಟೇ ನೋಡಿದರೆ ಸಾಲದು. ದೇವನಹಳ್ಳಿ ಸೇರಿದರೆ ಮೂರು ಚುಕ್ಕೆಗಳಾಗುತ್ತವೆ, ಅವು ಒಂದಕ್ಕೊಂದು ಹೇಗೆ ಕೂತಿವೆ ಎಂಬುದರ ಮೇಲೆ ಆಯ್ಕೆ ನಿಂತಿದೆ.

ತ್ರಿಕೋನವೋ, ನೇರ ಗೆರೆಯೋ

ದೇವನಹಳ್ಳಿಯಿಂದ ಕೊಲಂಬೊ ಸುಮಾರು 710 ಕಿ.ಮೀ., ದಕ್ಷಿಣಕ್ಕೆ, ಸ್ವಲ್ಪ ಪೂರ್ವಕ್ಕೆ ವಾಲಿದಂತೆ. ಮಾಲೆ ಸುಮಾರು 1,100 ಕಿ.ಮೀ., ದಕ್ಷಿಣಕ್ಕೇ, ಆದರೆ ಪಶ್ಚಿಮಕ್ಕೆ ವಾಲಿದಂತೆ. ಅಂದರೆ ಕೊಲಂಬೊ ಮಾಲೆಯ ದಾರಿಯಲ್ಲಿಲ್ಲ. ಕೊಲಂಬೊ ಮೇಲೆ ಮಾಲೆಗೆ ಹೋದರೆ 710 ಮತ್ತು 780 ಸೇರಿ 1,490 ಕಿ.ಮೀ. ಆಗುತ್ತದೆ, ನೇರ ಹೋಗುವುದಕ್ಕಿಂತ 390 ಕಿ.ಮೀ. ಹೆಚ್ಚು. ಹೋದ ದಾರಿಯಲ್ಲೇ ಹಿಂದಿರುಗಿದರೆ ಒಟ್ಟು 2,980 ಕಿ.ಮೀ., ನಾಲ್ಕು ವಿಮಾನ. ಬದಲಿಗೆ ದೇವನಹಳ್ಳಿ–ಕೊಲಂಬೊ, ಕೊಲಂಬೊ–ಮಾಲೆ, ಮಾಲೆ–ದೇವನಹಳ್ಳಿ ಎಂದು ತ್ರಿಕೋನ ಮಾಡಿದರೆ ಒಟ್ಟು 2,590 ಕಿ.ಮೀ., ಮೂರೇ ವಿಮಾನ. ಗಾಳಿಯಲ್ಲಿರುವ ಹೊತ್ತು ಮೂರೂ ಸೇರಿ ಐದು ಗಂಟೆಯೊಳಗೆ. ಈ ಜೋಡಿಗೆ ತ್ರಿಕೋನವೇ ಸರಿ. ಮಾಲೆಯಿಂದ ಬೆಂಗಳೂರಿಗೆ ನೇರ ವಿಮಾನ ನಿಮ್ಮ ದಿನಾಂಕಕ್ಕೆ ಸಿಗದಿದ್ದರೆ ಮಾತ್ರ ಕೊಲಂಬೊ ಮೇಲೆ ಬನ್ನಿ.

ಸಿಂಗಪುರ–ಬಾಲಿಯ ಲೆಕ್ಕ ಇದಕ್ಕೆ ತದ್ವಿರುದ್ಧ. ದೇವನಹಳ್ಳಿಯಿಂದ ಡೆನ್ಪಸಾರ್‌ಗೆ ನೇರ ದೂರ ಸುಮಾರು 4,800 ಕಿ.ಮೀ. ಸಿಂಗಪುರದವರೆಗೆ 3,180, ಅಲ್ಲಿಂದ ಡೆನ್ಪಸಾರ್‌ಗೆ 1,670, ಕೂಡಿದರೆ 4,850. ವ್ಯತ್ಯಾಸ ಬರೀ 50 ಕಿ.ಮೀ. ದಾರ ಎಳೆದು ಹಿಡಿದರೆ ಸಿಂಗಪುರ ಅದರ ಪಕ್ಕದಲ್ಲೇ ಕೂತಿದೆ. ಇಲ್ಲಿ ತ್ರಿಕೋನ ಮಾಡಿ ದೂರ ಉಳಿಸುವುದೇನೂ ಇಲ್ಲ. ಹೋಗುವಾಗ ಸಿಂಗಪುರದಲ್ಲಿ ಇಳಿದರೂ ಅಷ್ಟೇ, ಬರುವಾಗ ಇಳಿದರೂ ಅಷ್ಟೇ. ಒಂದು ದಿಕ್ಕಿನಲ್ಲಾದರೂ ಬೆಂಗಳೂರು–ಡೆನ್ಪಸಾರ್ ನೇರ ವಿಮಾನ ಸಿಕ್ಕರೆ ಒಂದು ಇಳಿಯುವಿಕೆ ತಪ್ಪುತ್ತದೆ, ಸುಮಾರು ಆರೂವರೆ ಗಂಟೆಯ ಒಂದೇ ಹಾರಾಟ. ಹೇಗೇ ಹೋದರೂ ಗಾಳಿಯಲ್ಲಿ ಕಳೆಯುವ ಹೊತ್ತು ಹದಿನಾಲ್ಕು ಗಂಟೆಯ ಆಸುಪಾಸು.

ಐದು ಗಂಟೆ ಮತ್ತು ಹದಿನಾಲ್ಕು ಗಂಟೆ. ಈ ಒಂದು ವ್ಯತ್ಯಾಸವೇ ಎಷ್ಟು ದಿನ ರಜೆ ಬೇಕು ಎಂಬುದನ್ನು ಹೇಳಿಬಿಡುತ್ತದೆ. ಐದಾರು ದಿನ ಇರುವವರಿಗೆ ಕೊಲಂಬೊ–ಮಾಲೆ. ಎಂಟು ದಿನಕ್ಕಿಂತ ಕಡಿಮೆ ಇಟ್ಟುಕೊಂಡು ಸಿಂಗಪುರ–ಬಾಲಿ ಹೊರಟರೆ ನಿದ್ದೆಗೆಟ್ಟ ಕಣ್ಣಲ್ಲಿ ಎರಡು ಊರು ಕಾಣುತ್ತೀರಿ, ಅಷ್ಟೇ.

ದೂರವನ್ನು ನೀವೇ ಅಳೆಯುವುದು

ಎಸ್ಸೆಸ್ಸೆಲ್ಸಿಯಲ್ಲಿ ಕಲಿತ ಪೈಥಾಗೊರಸ್ ಪ್ರಮೇಯ ಇಲ್ಲಿ ಚೆನ್ನಾಗಿ ಕೆಲಸಕ್ಕೆ ಬರುತ್ತದೆ. ಸಮಭಾಜಕ ವೃತ್ತದ ಹತ್ತಿರ ಅಕ್ಷಾಂಶದ ಒಂದು ಡಿಗ್ರಿ, ರೇಖಾಂಶದ ಒಂದು ಡಿಗ್ರಿ ಎರಡೂ ಹೆಚ್ಚುಕಡಿಮೆ 111 ಕಿ.ಮೀ. ಕೊಲಂಬೊದ ಏರ್‌ಪೋರ್ಟ್ 7.18 ಡಿಗ್ರಿ ಉತ್ತರ, 79.88 ಡಿಗ್ರಿ ಪೂರ್ವದಲ್ಲಿದೆ. ಮಾಲೆಯದ್ದು 4.19 ಉತ್ತರ, 73.53 ಪೂರ್ವ. ಅಕ್ಷಾಂಶದ ವ್ಯತ್ಯಾಸ 2.99, ಅಂದರೆ 332 ಕಿ.ಮೀ. ರೇಖಾಂಶದ ವ್ಯತ್ಯಾಸ 6.35, ಅದು 702 ಕಿ.ಮೀ. ಆಗುತ್ತದೆ, ಸಮಭಾಜಕದಿಂದ ಸರಿದಷ್ಟೂ ರೇಖಾಂಶಗಳು ಹತ್ತಿರವಾಗುವುದರಿಂದ ಇದರಲ್ಲಿ ಮೂರು ಕಿ.ಮೀ. ಕಳೆದಿದೆ. ಎರಡರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ 776. ಭೂಮಿಯ ಗೋಳವನ್ನು ಲೆಕ್ಕಕ್ಕೆ ಹಿಡಿದು ತೆಗೆದ ಉತ್ತರಕ್ಕೂ ಇದಕ್ಕೂ ಒಂದೆರಡು ಕಿ.ಮೀ. ಬಿಟ್ಟರೆ ವ್ಯತ್ಯಾಸವಿಲ್ಲ. ದೇವನಹಳ್ಳಿ 13 ಡಿಗ್ರಿ ಉತ್ತರದಲ್ಲಿರುವುದರಿಂದ ಅಲ್ಲಿ ರೇಖಾಂಶದ ಡಿಗ್ರಿ 108 ಕಿ.ಮೀ.ಗೆ ಇಳಿಯುತ್ತದೆ. ಸಿಂಗಪುರದಂಥ ದೂರದ ಊರಿಗೆ ಈ ಸುಲಭ ಲೆಕ್ಕ ಸ್ವಲ್ಪ ತಪ್ಪುತ್ತದೆ.

ದೂರ ತೋರಿಸುವ ಪುಟಗಳಲ್ಲಿ ಆಗುವ ಮುಖ್ಯ ಗೊಂದಲ ಮೈಲಿಯದ್ದು. ವಿಮಾನದವರು ಬಳಸುವುದು ನಾಟಿಕಲ್ ಮೈಲಿ, ಅದು 1.852 ಕಿ.ಮೀ. ರಸ್ತೆಯ ಮೈಲಿ 1.609. ಕೊಲಂಬೊ–ಮಾಲೆ 420 ನಾಟಿಕಲ್ ಮೈಲಿ, ಇಲ್ಲವೇ 483 ರಸ್ತೆಯ ಮೈಲಿ. 420 ಎಂದು ನೋಡಿ 1.6ರಿಂದ ಗುಣಿಸಿದವರಿಗೆ ನೂರು ಕಿ.ಮೀ. ಕಡಿಮೆ ಸಿಗುತ್ತದೆ. ಇನ್ನೊಂದು ವ್ಯತ್ಯಾಸ ಊರಿನ ಮಧ್ಯದಿಂದ ಅಳೆದದ್ದೋ, ಏರ್‌ಪೋರ್ಟಿನಿಂದ ಅಳೆದದ್ದೋ ಎಂಬುದು. ಕೊಲಂಬೊದ ಏರ್‌ಪೋರ್ಟ್ ಇರುವುದು ಕಟುನಾಯಕದಲ್ಲಿ, ಪಟ್ಟಣದಿಂದ ಮೂವತ್ತಕ್ಕೂ ಹೆಚ್ಚು ಕಿ.ಮೀ. ಉತ್ತರಕ್ಕೆ.

ದೂರದಿಂದ ಸಮಯಕ್ಕೆ

ಎ320 ಅಥವಾ 737 ಜಾತಿಯ ವಿಮಾನ ಮೇಲೆ ಸ್ಥಿರವಾಗಿ ಹಾರುವಾಗ ಗಂಟೆಗೆ ಸುಮಾರು 830 ಕಿ.ಮೀ. ವೇಗದಲ್ಲಿರುತ್ತದೆ. ಹಾಗಿದ್ದರೆ ಕೊಲಂಬೊಗೆ 50 ನಿಮಿಷ ಸಾಕಲ್ಲ, ಟಿಕೆಟ್ಟಿನಲ್ಲಿ ಯಾಕೆ ಒಂದು ಗಂಟೆ ಇಪ್ಪತ್ತೈದು ನಿಮಿಷ? ಟಿಕೆಟ್ಟಿನ ಹೊತ್ತು ಗೇಟಿನಿಂದ ವಿಮಾನ ಹಿಂದೆ ಸರಿದಾಗ ಶುರುವಾಗಿ ಇನ್ನೊಂದು ಗೇಟಿಗೆ ಬಂದು ನಿಂತಾಗ ಮುಗಿಯುತ್ತದೆ. ರನ್‌ವೇವರೆಗೆ ಉರುಳುವುದು ಹತ್ತು ಹದಿನೈದು ನಿಮಿಷ. ಮೇಲೇರಲು ಇಪ್ಪತ್ತು, ಇಳಿಯಲು ಇಪ್ಪತ್ತೈದು ನಿಮಿಷ, ಆಗ ವೇಗ ಕಡಿಮೆ. ಗಾಳಿ ಬೀಸುವ ದಿಕ್ಕಿಗೆ ಎದುರಾಗಿ ಇಳಿಯಬೇಕಾದ್ದರಿಂದ ಕೆಲವೊಮ್ಮೆ ರನ್‌ವೇಯ ಆಚೆ ತುದಿಗೆ ಸುತ್ತಿ ಬರಬೇಕು. ಕೊಲಂಬೊದಲ್ಲಾಗಲಿ ಡೆನ್ಪಸಾರ್‌ನಲ್ಲಾಗಲಿ ಇರುವುದು ಒಂದೇ ರನ್‌ವೇ. ಒಂದರ ಹಿಂದೆ ಒಂದು ವಿಮಾನ ಬಂದಾಗ ಗಾಳಿಯಲ್ಲೇ ಸುತ್ತು ಹಾಕಿಸುತ್ತಾರೆ. ದೂರ ಎಷ್ಟೇ ಇರಲಿ, ಈ ಅರ್ಧ ಗಂಟೆಯ ಖರ್ಚು ತಪ್ಪದು.

ಹಾಗಾಗಿ ಸುಲಭ ಸೂತ್ರ ಇಷ್ಟು: ಕಿಲೋಮೀಟರನ್ನು 800ರಿಂದ ಭಾಗಿಸಿ, ಅರ್ಧ ಗಂಟೆ ಸೇರಿಸಿ. ಕೊಲಂಬೊಗೆ 1 ಗಂಟೆ 23 ನಿಮಿಷ ಬರುತ್ತದೆ. ಕೊಲಂಬೊ–ಮಾಲೆ 1 ಗಂಟೆ 28 ನಿಮಿಷ, ದೇವನಹಳ್ಳಿ–ಮಾಲೆ 1 ಗಂಟೆ 52 ನಿಮಿಷ, ಸಿಂಗಪುರಕ್ಕೆ ನಾಲ್ಕೂವರೆ ಗಂಟೆ, ಡೆನ್ಪಸಾರ್‌ಗೆ ನೇರ ಹೋದರೆ ಆರೂವರೆ. ವೇಳಾಪಟ್ಟಿಯಲ್ಲಿ ಕಾಣುವುದಕ್ಕೂ ಇದಕ್ಕೂ ಹತ್ತು ಹದಿನೈದು ನಿಮಿಷ ಹೆಚ್ಚುಕಡಿಮೆ ಇರುತ್ತದೆ, ಅಷ್ಟೇ. ಯಾವುದಾದರೂ ಪುಟದಲ್ಲಿ ‘ಹಾರಾಟ 58 ನಿಮಿಷ’ ಎಂದು ಕಂಡರೆ ಅದು ದೂರವನ್ನು ವೇಗದಿಂದ ಭಾಗಿಸಿದ ಬರೀ ಗಣಿತ. ಅದನ್ನು ನಂಬಿ ಮುಂದಿನ ಬೋಟು ಬುಕ್ ಮಾಡಬೇಡಿ.

ಹೋಗುವ, ಬರುವ ಸಮಯ ಒಂದೇ ಆಗಿರುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಕ್ಷಿಣ ಭಾರತದ ಮೇಲೆ, ಸುಮಾರು 15 ಕಿ.ಮೀ. ಎತ್ತರದಲ್ಲಿ, ಪೂರ್ವದಿಂದ ಪಶ್ಚಿಮಕ್ಕೆ ಬಲವಾದ ಗಾಳಿಯ ಹೊಳೆಯೊಂದು ಹರಿಯುತ್ತದೆ. ವಿಮಾನ ಹಾರುವ 11 ಕಿ.ಮೀ. ಎತ್ತರದಲ್ಲೂ ಅದರ ಸೆಳೆತ ಇರುತ್ತದೆ. ಮುಂಗಾರಿನಲ್ಲಿ ಸಿಂಗಪುರಕ್ಕೆ ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನುಗಾಳಿ. ಕೊಲಂಬೊ–ಮಾಲೆಯಂಥ ಚಿಕ್ಕ ಹಾರಾಟದಲ್ಲಿ ಇದು ಐದು ನಿಮಿಷದ ಮಾತು.

ಗಡಿಯಾರದ ಮೋಸ

ಕೊಲಂಬೊದ ಹೊತ್ತು ನಮ್ಮದೇ. ಮಾಲೆ ನಮಗಿಂತ ಅರ್ಧ ಗಂಟೆ ಹಿಂದೆ. ಕೊಲಂಬೊದಲ್ಲಿ ಬೆಳಿಗ್ಗೆ 10ಕ್ಕೆ ಹೊರಟ ವಿಮಾನ ಮಾಲೆಯ ಗಡಿಯಾರದಲ್ಲಿ 11ಕ್ಕೆ ಇಳಿಯುತ್ತದೆ. ಟಿಕೆಟ್ ನೋಡಿದರೆ ಒಂದೇ ಗಂಟೆ ಅನ್ನಿಸುತ್ತದೆ. ಮಾಲೆಯಲ್ಲಿ 12ಕ್ಕೆ ಹೊರಟದ್ದು ಕೊಲಂಬೊದಲ್ಲಿ 2ಕ್ಕೆ ಇಳಿಯುತ್ತದೆ, ಎರಡು ಗಂಟೆ ಅನ್ನಿಸುತ್ತದೆ. ಹಾರಿದ್ದು ಎರಡೂ ಸಲ ಒಂದೂವರೆ ಗಂಟೆಯೇ. ಇದಕ್ಕಿಂತ ಹೆಚ್ಚು ಜನರನ್ನು ಸಿಕ್ಕಿಸುವ ವಿಷಯ ಇನ್ನೊಂದಿದೆ: ಮಾಲ್ಡೀವ್ಸ್‌ನ ಹಲವು ರೆಸಾರ್ಟುಗಳು ಹಗಲು ಹೆಚ್ಚು ಸಿಗಲಿ ಎಂದು ತಮ್ಮ ದ್ವೀಪದ ಗಡಿಯಾರವನ್ನು ಮಾಲೆಗಿಂತ ಒಂದು ಗಂಟೆ ಮುಂದೆ ಇಟ್ಟುಕೊಳ್ಳುತ್ತವೆ. ವಾಪಸು ಬರುವ ದಿನ ಸ್ಪೀಡ್‌ಬೋಟಿನ ಚೀಟಿಯಲ್ಲಿರುವುದು ದ್ವೀಪದ ಹೊತ್ತೋ ಮಾಲೆಯ ಹೊತ್ತೋ ಎಂದು ರಿಸೆಪ್ಷನ್ನಿನಲ್ಲಿ ಬಾಯಿಬಿಟ್ಟು ಕೇಳಿ. ವಿಮಾನದ ಟಿಕೆಟ್ಟಿನಲ್ಲಿರುವುದು ಯಾವಾಗಲೂ ಮಾಲೆಯ ಹೊತ್ತು.

ಸಿಂಗಪುರ, ಬಾಲಿ ಎರಡೂ ನಮಗಿಂತ ಎರಡೂವರೆ ಗಂಟೆ ಮುಂದೆ. ಅವೆರಡರ ನಡುವೆ ವ್ಯತ್ಯಾಸವಿಲ್ಲ, ಅದೊಂದು ಅನುಕೂಲ. ಆದರೆ ರಾತ್ರಿ 11ಕ್ಕೆ ದೇವನಹಳ್ಳಿ ಬಿಟ್ಟರೆ ಸಿಂಗಪುರದಲ್ಲಿ ಬೆಳಿಗ್ಗೆ 6ಕ್ಕೆ ಇಳಿಯುತ್ತೀರಿ, ನಿಮ್ಮ ಮೈಗೆ ಆಗಿನ್ನೂ ಮೂರೂವರೆ. ಹೋಟೆಲಿನ ರೂಮು ಕೈಗೆ ಸಿಗುವುದು ಮಧ್ಯಾಹ್ನ. ವಯಸ್ಸಾದವರು, ಸಣ್ಣ ಮಕ್ಕಳು ಜೊತೆಗಿದ್ದರೆ ಹಗಲಿನ ವಿಮಾನಕ್ಕೆ ಒಂದೆರಡು ಸಾವಿರ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಮನೆಯಿಂದ ದೇವನಹಳ್ಳಿಗೆ

ಚಿಕ್ಕಬಳ್ಳಾಪುರದವರಿಗೆ ಇದು ಸುಲಭ. ರಾಷ್ಟ್ರೀಯ ಹೆದ್ದಾರಿ 44ರಲ್ಲಿ ಸುಮಾರು 30 ಕಿ.ಮೀ., ಮುಕ್ಕಾಲು ಗಂಟೆ. ಬೆಂಗಳೂರಿನ ದಟ್ಟಣೆಯ ಮುಖವನ್ನೇ ನೋಡಬೇಕಿಲ್ಲ. ಬಸ್ಸಿನಲ್ಲಿ ಬಂದು ಹೆದ್ದಾರಿಯಲ್ಲಿ ಇಳಿದರೆ ಟರ್ಮಿನಲ್ಲಿಗೆ ಇನ್ನೂ ಕೆಲವು ಕಿ.ಮೀ. ಇರುತ್ತದೆ, ಲಗೇಜು ಎಳೆದುಕೊಂಡು ನಡೆಯುವ ದೂರವಲ್ಲ.

ಕೋಲಾರದಿಂದ ಹೊಸಕೋಟೆ, ಸೂಲಿಬೆಲೆ ಮೇಲೆ ಸುಮಾರು 75 ಕಿ.ಮೀ., ಒಂದೂವರೆಯಿಂದ ಎರಡು ಗಂಟೆ. ಕೆ.ಆರ್.ಪುರಂ, ಹೆಬ್ಬಾಳದ ದಾರಿ ಹಿಡಿಯುವುದು ಬೇಡ. ತುಮಕೂರಿನವರು ನೆಲಮಂಗಲ, ಗೊರಗುಂಟೆಪಾಳ್ಯ, ಹೆಬ್ಬಾಳ ಎಂದು ಹೋಗುತ್ತಿದ್ದ ಕಾಲ ಮುಗಿಯಿತು. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ಹೊಸಕೋಟೆಗೆ ಹೋಗುವ ಸ್ಯಾಟಲೈಟ್ ಟೌನ್ ರಿಂಗ್ ರೋಡಿನ 80 ಕಿ.ಮೀ. ಭಾಗ 2024ರ ಮಾರ್ಚ್‌ನಲ್ಲಿ ಉದ್ಘಾಟನೆಯಾಯಿತು. ತುಮಕೂರಿನಿಂದ ಏರ್‌ಪೋರ್ಟ್ ಈ ದಾರಿಯಲ್ಲಿ ಸುಮಾರು 85 ಕಿ.ಮೀ., ಎರಡು ಗಂಟೆ ಇಟ್ಟುಕೊಳ್ಳಿ. ಕಿಲೋಮೀಟರು ಉಳಿದದ್ದಕ್ಕಿಂತ ಹೆಬ್ಬಾಳ ತಪ್ಪಿದ್ದೇ ದೊಡ್ಡ ಲಾಭ. ಆ ದಾರಿಯಲ್ಲಿ ಸಂಜೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಯಾರೂ ಖಚಿತವಾಗಿ ಹೇಳಲಾರರು.

ಯಲಹಂಕ–ಚಿಕ್ಕಬಳ್ಳಾಪುರ–ಕೋಲಾರ ರೈಲು ಮಾರ್ಗದಲ್ಲಿ ಏರ್‌ಪೋರ್ಟ್ ಪಕ್ಕದ ಹಾಲ್ಟ್ ನಿಲ್ದಾಣವೂ ಇದೆ. ಆದರೆ ನಿಲ್ಲುವ ರೈಲುಗಳು ಬೆರಳೆಣಿಕೆ. ಅವುಗಳನ್ನು ನೆಚ್ಚಿ ಅಂತರರಾಷ್ಟ್ರೀಯ ವಿಮಾನ ಹಿಡಿಯಲು ಹೊರಡಬೇಡಿ.

ನವೆಂಬರ್‌ನಿಂದ ಫೆಬ್ರವರಿವರೆಗೆ ನಂದಿಬೆಟ್ಟದ ಸುತ್ತ ಬೆಳಗಿನ ಜಾವ ದಟ್ಟ ಮಂಜು. ರಸ್ತೆಯಲ್ಲೂ ಅರ್ಧ ಗಂಟೆ ತಿನ್ನುತ್ತದೆ, ರನ್‌ವೇಯಲ್ಲೂ ವಿಮಾನಗಳನ್ನು ತಡಮಾಡುತ್ತದೆ. ಆ ತಿಂಗಳುಗಳಲ್ಲಿ ಬೆಳಿಗ್ಗೆ ಐದರಿಂದ ಎಂಟರೊಳಗೆ ಹೊರಡುವ ವಿಮಾನ ಹಿಡಿದು, ಅದೇ ದಿನ ಕೊಲಂಬೊದಲ್ಲಿ ಬೇರೆ ಟಿಕೆಟ್ಟಿನ ಇನ್ನೊಂದು ವಿಮಾನ ಇಟ್ಟುಕೊಳ್ಳುವುದು ಅಪಾಯ.

ಈಗ ಒಟ್ಟು ಲೆಕ್ಕ ನೋಡಿ. ತುಮಕೂರಿನಿಂದ ಕೊಲಂಬೊದ ಹೋಟೆಲಿಗೆ: ರಸ್ತೆ ಎರಡು ಗಂಟೆ, ಏರ್‌ಪೋರ್ಟಿನಲ್ಲಿ ಮೂರು, ಹಾರಾಟ ಒಂದೂ ಕಾಲು ಚಿಲ್ಲರೆ, ಇಮಿಗ್ರೇಷನ್ ಮತ್ತು ಬ್ಯಾಗು ಒಂದು, ಕಟುನಾಯಕದಿಂದ ಪಟ್ಟಣಕ್ಕೆ ಒಂದು. ಎಂಟೂವರೆ ಗಂಟೆ ಸಮೀಪಿಸುತ್ತದೆ. ಅದರಲ್ಲಿ ಗಾಳಿಯಲ್ಲಿದ್ದದ್ದು ಆರರಲ್ಲಿ ಒಂದು ಪಾಲು.

ಕೊಲಂಬೊ–ಮಾಲೆಯ ನಿಜವಾದ ಗಂಟು: ಮಾಲೆ ತಲುಪಿದ ಮೇಲೆ

ಮಾಲೆಯ ವೆಲಾನಾ ಏರ್‌ಪೋರ್ಟ್ ಇರುವುದು ಹುಲ್ಹುಲೆ ಎಂಬ ಬೇರೆ ದ್ವೀಪದಲ್ಲಿ. 2018ರಲ್ಲಿ ಸೇತುವೆ ಆದ ಮೇಲೆ ಮಾಲೆ ಪಟ್ಟಣಕ್ಕೆ ಕಾರಿನಲ್ಲಿ ಹೋಗಬಹುದು. ಪಕ್ಕದ ಹುಲ್ಹುಮಾಲೆಗೂ ರಸ್ತೆ ಇದೆ. ಆದರೆ ಪ್ರವಾಸಿಗರು ಹೋಗುವ ದ್ವೀಪಗಳು ಬೇರೆಲ್ಲೋ ಇರುತ್ತವೆ. ಹತ್ತಿರದವಕ್ಕೆ ಸ್ಪೀಡ್‌ಬೋಟ್, ದೂರದವಕ್ಕೆ ನೀರಿನ ಮೇಲೆ ಇಳಿಯುವ ಸೀಪ್ಲೇನ್. ಈ ಸೀಪ್ಲೇನುಗಳು ಹಗಲಿನಲ್ಲಿ ಮಾತ್ರ ಹಾರುತ್ತವೆ, ಯಾಕೆಂದರೆ ಪೈಲಟ್ ಕಣ್ಣಾರೆ ನೀರು ನೋಡಿ ಇಳಿಸಬೇಕು. ಮಧ್ಯಾಹ್ನ ಮೂರೂವರೆಯೊಳಗೆ ಮಾಲೆಯಲ್ಲಿ ಇಳಿದಿದ್ದರೆ ಅದೇ ದಿನ ಸಿಗಬಹುದು. ತಡವಾದರೆ ಹುಲ್ಹುಮಾಲೆಯಲ್ಲಿ ಒಂದು ರಾತ್ರಿಯ ಖರ್ಚು. ಕೊಲಂಬೊದಿಂದ ಸಂಜೆಯ ವಿಮಾನ ಅಗ್ಗ ಎಂದು ಹಿಡಿದವರು ಉಳಿಸಿದ್ದಕ್ಕಿಂತ ಹೆಚ್ಚನ್ನು ಇಲ್ಲಿ ಕಳೆದುಕೊಳ್ಳುತ್ತಾರೆ, ಜೊತೆಗೆ ರೆಸಾರ್ಟಿನಲ್ಲಿ ದುಡ್ಡು ಕೊಟ್ಟ ಒಂದು ರಾತ್ರಿಯೂ ಹೋಗುತ್ತದೆ. ಆದ್ದರಿಂದ ಕೊಲಂಬೊ–ಮಾಲೆಗೆ ಬೆಳಗಿನ ವಿಮಾನವನ್ನೇ ಹಿಡಿಯಿರಿ. ಅದಕ್ಕೆ ಹಿಂದಿನ ರಾತ್ರಿ ಕೊಲಂಬೊ ಪಟ್ಟಣದಲ್ಲಿ ಉಳಿಯುವ ಬದಲು ಏರ್‌ಪೋರ್ಟಿನಿಂದ ಹತ್ತು ಕಿ.ಮೀ. ಆಸುಪಾಸಿನ ನೆಗೊಂಬೊದಲ್ಲಿ ಉಳಿಯಿರಿ.

ಸೀಪ್ಲೇನಿನಲ್ಲಿ ಸಾಮಾನ್ಯವಾಗಿ 20 ಕಿಲೋ ಬ್ಯಾಗು, ಕೈಯಲ್ಲಿ 5 ಕಿಲೋ. ದೊಡ್ಡ ವಿಮಾನದಲ್ಲಿ 30 ಕಿಲೋ ಬಿಟ್ಟರು ಎಂದು ತುಂಬಿಕೊಂಡು ಹೋದರೆ ಇಲ್ಲಿ ತೂಕಕ್ಕೆ ದುಡ್ಡು. ಇಡೀ ಪ್ರವಾಸದಲ್ಲಿ ಎಲ್ಲಿ ಮಿತಿ ಅತಿ ಕಡಿಮೆಯೋ ಅದಕ್ಕೇ ಮನೆಯಲ್ಲಿ ತೂಗಿ ಹೊರಡಬೇಕು. ದುಡ್ಡು ಉಳಿಸಬೇಕೆನ್ನುವವರು ರೆಸಾರ್ಟು ಬಿಟ್ಟು ಜನ ವಾಸವಿರುವ ದ್ವೀಪಗಳ ಗೆಸ್ಟ್‌ಹೌಸಿನಲ್ಲಿ ಉಳಿದು ಸಾರ್ವಜನಿಕ ದೋಣಿಯಲ್ಲಿ ಓಡಾಡಬಹುದು. ಶುಕ್ರವಾರ ಅಲ್ಲಿ ವಾರದ ರಜೆ, ಬಹಳಷ್ಟು ದೋಣಿಗಳು ಓಡುವುದಿಲ್ಲ. ಅಂದು ಮಾಲೆಯಲ್ಲಿ ಇಳಿಯುವಂತೆ ಟಿಕೆಟ್ ತೆಗೆಯಬೇಡಿ.

ಬಾಲಿಯಲ್ಲಿ ಇಷ್ಟು ತೊಡಕಿಲ್ಲ. ಏರ್‌ಪೋರ್ಟ್ ಕುಟಾದ ಮಗ್ಗುಲಲ್ಲೇ ಇದೆ. ಉಬುದ್ ಕಡೆಗೆ ಹೋಗುವವರು ಒಂದೂವರೆ ಗಂಟೆ ರಸ್ತೆಗೆ ಇಟ್ಟುಕೊಳ್ಳಬೇಕು. ಸಿಂಗಪುರದ ಚಾಂಗಿ ಏರ್‌ಪೋರ್ಟಿನಿಂದ ಪಟ್ಟಣಕ್ಕೆ ಮೆಟ್ರೊ ಇದೆ.

ಯಾವ ರಜೆಗೆ ಯಾವುದು

ಬೇಸಿಗೆ ರಜೆಯ ಏಪ್ರಿಲ್‌ನಲ್ಲಿ ಮಾಲೆಯ ಸಮುದ್ರ ಇನ್ನೂ ಶಾಂತ, ಬಿಸಿಲು ಜೋರು. ಮೇ ಬಂತೆಂದರೆ ನೈಋತ್ಯ ಮುಂಗಾರು. ಸ್ಪೀಡ್‌ಬೋಟ್ ಎತ್ತಿ ಕುಕ್ಕುತ್ತದೆ, ಸೊಂಟನೋವಿನವರಿಗೆ ಅದು ಹಿಂಸೆ. ಏಪ್ರಿಲ್ 13–14 ಸಿಂಹಳ ಮತ್ತು ತಮಿಳರ ಹೊಸವರ್ಷ, ಶ್ರೀಲಂಕಾದಲ್ಲಿ ಅಂಗಡಿಗಳು ಮುಚ್ಚಿರುತ್ತವೆ, ಬಸ್ಸು ರೈಲುಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬಾಲಿ ಸಮಭಾಜಕದ ಆಚೆ ಬದಿಯಲ್ಲಿದೆ. ಏಪ್ರಿಲ್‌ನಿಂದ ಅಕ್ಟೋಬರ್ ಅಲ್ಲಿ ಒಣ ಹವೆ. ಹಾಗಾಗಿ ಮೇ ತಿಂಗಳಿಗೂ ದಸರಾ ರಜೆಗೂ ಬಾಲಿ, ಡಿಸೆಂಬರ್‌ಗೆ ಮಾಲೆ. ಡಿಸೆಂಬರ್‌ನಲ್ಲಿ ಬಾಲಿಗೂ ಸಿಂಗಪುರಕ್ಕೂ ಮಳೆಗಾಲ.

ಯುಗಾದಿ ರಜೆಗೆ ಬಾಲಿ ಎಂದುಕೊಂಡವರು ಒಂದು ದಿನಾಂಕ ನೋಡಲೇಬೇಕು. ಬಾಲಿಯ ಹಿಂದೂಗಳ ಶಕ ವರ್ಷದ ಮೊದಲ ದಿನ ನ್ಯೆಪಿ, ಮೌನದ ದಿನ. ಅಂದು ಬೆಳಿಗ್ಗೆ ಆರರಿಂದ ಮರುದಿನ ಆರರವರೆಗೆ ದೀಪ ಹಚ್ಚುವುದಿಲ್ಲ, ಯಾರೂ ಬೀದಿಗಿಳಿಯುವುದಿಲ್ಲ, ಏರ್‌ಪೋರ್ಟನ್ನೂ ಪೂರ್ತಿ ಮುಚ್ಚುತ್ತಾರೆ. 2025ರಲ್ಲಿ ನ್ಯೆಪಿ ಮಾರ್ಚ್ 29, ನಮ್ಮ ಯುಗಾದಿ ಮಾರ್ಚ್ 30. 2026ರಲ್ಲಿ ಎರಡೂ ಮಾರ್ಚ್ 19. ಹಿಂದಿನ ದಿನ ಸಂಜೆ ಹೊರಡುವ ಓಗೋ–ಓಗೋ ಬೊಂಬೆಗಳ ಮೆರವಣಿಗೆ ನೋಡುವಂಥದ್ದು, ಮರುದಿನದ ಮೌನವೂ ಅಪೂರ್ವ ಅನುಭವ. ಅದಕ್ಕಾಗಿಯೇ ಹೋಗುವುದಾದರೆ ಒಂದು ದಿನ ಹೋಟೆಲಿನಲ್ಲೇ ಇರಲು ಸಿದ್ಧರಾಗಿ ಹೋಗಿ. ಗೊತ್ತಿಲ್ಲದೆ ಸಿಂಗಪುರ–ಬಾಲಿ ಟಿಕೆಟ್ಟನ್ನು ಆ ದಿನದ ಸುತ್ತ ಹೊಂದಿಸಿದರೆ ಎರಡೂ ಕಡೆಯ ಹೋಟೆಲ್ ಬುಕಿಂಗ್ ಕೆಡುತ್ತದೆ.

ಬಾಲಿಗಿರುವ ಇನ್ನೊಂದು ಅಡ್ಡಿ ಜ್ವಾಲಾಮುಖಿ. 2017ರ ನವೆಂಬರ್‌ನಲ್ಲಿ ಆಗುಂಗ್ ಪರ್ವತದ ಬೂದಿಯಿಂದ ಏರ್‌ಪೋರ್ಟ್ ಮುಚ್ಚಿತ್ತು. 2024ರ ನವೆಂಬರ್‌ನಲ್ಲಿ ಫ್ಲೋರೆಸ್ ದ್ವೀಪದ ಲೆವೊಟೊಬಿ ಸಿಡಿದಾಗ ಬಾಲಿಯ ಹಲವು ವಿಮಾನಗಳು ರದ್ದಾದವು. ಬೂದಿ ಎಂದರೂ ಅದು ಕಲ್ಲಿನ ಸಣ್ಣ ಪುಡಿ, ಎಂಜಿನ್ನಿನ ಬಿಸಿಗೆ ಕರಗಿ ಒಳಗೆ ಗಾಜಿನಂತೆ ಅಂಟಿಕೊಳ್ಳುತ್ತದೆ. ಆದ್ದರಿಂದ ಯಾರೂ ಹಾರಿಸುವುದಿಲ್ಲ. ಪ್ರವಾಸ ವಿಮೆ ಮಾಡಿಸುವಾಗ ಪ್ರಕೃತಿ ವಿಕೋಪದಿಂದ ಆಗುವ ರದ್ದತಿ ಸೇರಿದೆಯೇ ಎಂದು ಓದಿ.

ಪಾಸ್‌ಪೋರ್ಟ್ ಇಲ್ಲದವರಿಗೆ

ಅಂಡಮಾನಿನ ಪೋರ್ಟ್ ಬ್ಲೇರ್ ಇದೆ. 2024ರ ಸೆಪ್ಟೆಂಬರ್‌ನಲ್ಲಿ ಅದರ ಹೆಸರನ್ನು ಶ್ರೀ ವಿಜಯ ಪುರಂ ಎಂದು ಬದಲಿಸಿದ್ದಾರೆ. ದೇವನಹಳ್ಳಿಯಿಂದ ಸುಮಾರು 1,640 ಕಿ.ಮೀ., ಎರಡೂವರೆ ಗಂಟೆ, ವೀಸಾ ಇಲ್ಲ, ಗಡಿಯಾರ ನಮ್ಮದೇ. ಇಲ್ಲಿ ಎರಡನೇ ದ್ವೀಪ ವಿಮಾನದಲ್ಲಲ್ಲ, ಹಡಗಿನಲ್ಲಿ: ಸ್ವರಾಜ್ ದ್ವೀಪಕ್ಕೆ ಒಂದೂವರೆಯಿಂದ ಎರಡೂವರೆ ಗಂಟೆ. ಸಮುದ್ರ ಕೆರಳಿದರೆ ಹಡಗು ರದ್ದು. ಅದಕ್ಕೇ ವಾಪಸು ಹಡಗನ್ನೂ ವಿಮಾನವನ್ನೂ ಒಂದೇ ದಿನ ಇಡಬಾರದು. ಕೊನೆಯ ರಾತ್ರಿ ಪಟ್ಟಣದಲ್ಲೇ ಉಳಿಯಿರಿ. ನಕ್ಷೆ ನೋಡಿದರೆ ಪೋರ್ಟ್ ಬ್ಲೇರ್‌ನಿಂದ ಥಾಯ್ಲೆಂಡಿನ ಫುಕೆಟ್ ದ್ವೀಪಕ್ಕೆ 730 ಕಿ.ಮೀ. ಮಾತ್ರ, ಬೆಂಗಳೂರಿಗಿರುವ ದೂರದ ಅರ್ಧಕ್ಕಿಂತ ಕಡಿಮೆ. ಹತ್ತಿರವಿದೆ ಎಂದ ಮಾತ್ರಕ್ಕೆ ವಿಮಾನ ಇರುತ್ತದೆ ಎಂದುಕೊಂಡು ಯೋಜನೆ ಹಾಕಬೇಡಿ; ಮೊದಲು ವೇಳಾಪಟ್ಟಿ, ಆಮೇಲೆ ನಕ್ಷೆ.

ಟಿಕೆಟ್ ಮತ್ತು ಕಾಗದಪತ್ರ

ಬುಕಿಂಗ್ ಪುಟದಲ್ಲಿ ‘ಮಲ್ಟಿ ಸಿಟಿ’ ಎಂಬ ಆಯ್ಕೆ ಒತ್ತಿ ಮೂರು ಹಾರಾಟಗಳನ್ನೂ ಒಂದೇ ಟಿಕೆಟ್ಟಿನಲ್ಲಿ ಹಾಕಿ ದರ ನೋಡಿ. ಆಮೇಲೆ ಬಿಡಿಬಿಡಿಯಾಗಿ ನೋಡಿ. ಬಿಡಿ ಟಿಕೆಟ್ ಅಗ್ಗವಾಗಿ ಕಂಡರೂ ಅದರಲ್ಲಿ ಎರಡು ಕುತ್ತು. ಮೊದಲನೆಯದು, ಒಂದು ವಿಮಾನ ತಡವಾಗಿ ಮುಂದಿನದು ತಪ್ಪಿದರೆ ಆ ಮುಂದಿನ ವಿಮಾನದವರು ಹೊಣೆಯಲ್ಲ. ಎರಡನೆಯದು, ಬ್ಯಾಗು ಮುಂದಕ್ಕೆ ಹೋಗುವುದಿಲ್ಲ. ಇಮಿಗ್ರೇಷನ್ ದಾಟಿ ಹೊರಬಂದು, ಬ್ಯಾಗು ಎತ್ತಿಕೊಂಡು, ಮತ್ತೆ ಚೆಕ್‌–ಇನ್ ಮಾಡಬೇಕು. ಅದಕ್ಕೆ ಆ ದೇಶದೊಳಗೆ ಕಾಲಿಡುವ ಅನುಮತಿಯೂ ಬೇಕು. ಸಿಂಗಪುರದ ವೀಸಾ ಇಲ್ಲದೆ ಬಿಡಿ ಟಿಕೆಟ್ಟಿನಲ್ಲಿ ಬಾಲಿಗೆ ಹೊರಟವರನ್ನು ದೇವನಹಳ್ಳಿಯ ಕೌಂಟರಿನಲ್ಲೇ ತಡೆಯುವುದು ಇದರಿಂದ. ಒಂದೇ ಟಿಕೆಟ್ಟಿದ್ದು ಬ್ಯಾಗು ಡೆನ್ಪಸಾರ್‌ವರೆಗೆ ಟ್ಯಾಗ್ ಆಗಿದ್ದರೆ ಚಾಂಗಿಯ ಒಳಗೇ ವಿಮಾನ ಬದಲಿಸಬಹುದು. ಬಿಡಿ ಟಿಕೆಟ್ಟೇ ಆಗಬೇಕೆಂದರೆ ಎರಡು ವಿಮಾನಗಳ ನಡುವೆ ನಾಲ್ಕು ಗಂಟೆಗೆ ಕಡಿಮೆ ಇಡಬೇಡಿ.

ಪಾಸ್‌ಪೋರ್ಟಿಗೆ ಆರು ತಿಂಗಳ ಅವಧಿ ಉಳಿದಿರುವಂತೆ ನೋಡಿಕೊಳ್ಳಿ. ಸಿಂಗಪುರದ ವೀಸಾ ಮೊದಲೇ ಮಾಡಿಸಿಕೊಂಡು, ಹೋಗುವ ಮೂರು ದಿನದೊಳಗೆ ಆಗಮನದ ಕಾರ್ಡನ್ನು ಆನ್‌ಲೈನ್ ತುಂಬಬೇಕು. ಬಾಲಿಗೆ ಇಳಿದ ಮೇಲಿನ ವೀಸಾ 5 ಲಕ್ಷ ರುಪಯಾ, 2024ರ ಫೆಬ್ರವರಿಯಿಂದ ಪ್ರವಾಸಿಗರ ತೆರಿಗೆ ಪ್ರತ್ಯೇಕ, 1.5 ಲಕ್ಷ ರುಪಯಾ. ಸೊನ್ನೆಗಳ ಸಾಲು ನೋಡಿ ಗಾಬರಿ ಬೇಡ, ಅವು ಇಂಡೋನೇಷ್ಯಾದ ಹಣ. ಮಾಲ್ಡೀವ್ಸ್‌ನಲ್ಲಿ ಇಳಿದಾಗಲೇ ಉಚಿತ ವೀಸಾ, ಆದರೆ ಹೊರಡುವ 96 ಗಂಟೆಯೊಳಗೆ ಅವರ ಆನ್‌ಲೈನ್ ಫಾರಂ ತುಂಬಿರಬೇಕು. ಶ್ರೀಲಂಕಾಕ್ಕೆ ಮೊದಲೇ ಇ.ಟಿ.ಎ., ಅಂದರೆ ಆನ್‌ಲೈನ್ ಪ್ರವೇಶ ಅನುಮತಿ, ಮಾಡಿಸಿ. ತ್ರಿಕೋನ ಬಿಟ್ಟು ಮಾಲೆಯಿಂದ ಮತ್ತೆ ಕೊಲಂಬೊಕ್ಕೆ ಬಂದು ಹೊರಗೆ ಹೋಗುವುದಾದರೆ ಅದರಲ್ಲಿ ಎರಡು ಬಾರಿಯ ಪ್ರವೇಶ ಇರಲೇಬೇಕು. ಮಾಲ್ಡೀವ್ಸ್ ಫಾರಂಗೂ ಸಿಂಗಪುರದ ಕಾರ್ಡಿಗೂ ಸರ್ಕಾರ ದುಡ್ಡು ಕೇಳುವುದಿಲ್ಲ. ಕೇಳುವ ಪುಟ ಸಿಕ್ಕರೆ ಅದು ಮಧ್ಯವರ್ತಿಯದ್ದು.

ಬ್ಯಾಗು ಕಟ್ಟುವಾಗ

ತಿಪಟೂರಿನ ಕಡೆಯವರು ನೆಂಟರಿಗೆಂದು ಇಡೀ ಕೊಬ್ಬರಿ ಹಾಕಿಕೊಳ್ಳುವುದುಂಟು. ಒಣ ಕೊಬ್ಬರಿಯಲ್ಲಿ ಎಣ್ಣೆ ಹೆಚ್ಚು, ಬಿಸಿ ಕೂಡಿಕೊಂಡರೆ ತಾನೇ ಹೊತ್ತಿಕೊಳ್ಳುವ ವಸ್ತುಗಳ ಪಟ್ಟಿಯಲ್ಲಿ ಅದಿದೆ. ಸ್ಕ್ಯಾನಿಂಗ್‌ನಲ್ಲಿ ಬ್ಯಾಗು ತೆರೆಸಿ ತೆಗೆಸುತ್ತಾರೆ. ಸಿಂಗಪುರಕ್ಕೆ ಗಸಗಸೆ ನಿಷಿದ್ಧ, ಮಾದಕವಸ್ತುವಿನ ಕಾನೂನಿನಡಿ ಬರುತ್ತದೆ. ಮನೆಯಿಂದ ಕೊಂಡೊಯ್ಯುವ ಮಸಾಲೆ ಪುಡಿಯಲ್ಲಿ ಗಸಗಸೆ ಸೇರಿದ್ದರೆ ಅದನ್ನು ಇಲ್ಲೇ ಬಿಡಿ. ಗುಟ್ಕಾ, ಅಗಿಯುವ ತಂಬಾಕು, ಚೂಯಿಂಗ್ ಗಮ್ ಕೂಡ ಸಿಂಗಪುರದೊಳಗೆ ಒಯ್ಯುವಂತಿಲ್ಲ. ಮಾಲ್ಡೀವ್ಸ್‌ಗೆ ಮದ್ಯ ಮತ್ತು ಹಂದಿಮಾಂಸದ ಜೊತೆಗೆ ಪೂಜೆಯ ವಿಗ್ರಹಗಳಿಗೂ ಪ್ರವೇಶವಿಲ್ಲ. ಚಿಕ್ಕ ಗಣಪನ ಮೂರ್ತಿ ಇಟ್ಟುಕೊಳ್ಳುವ ಅಭ್ಯಾಸವಿದ್ದರೆ ಮನೆಯಲ್ಲೇ ಇಟ್ಟು ಹೊರಡಿ. ಕೊಲಂಬೊದ ಡ್ಯೂಟಿ ಫ್ರೀಯಲ್ಲಿ ಕೊಂಡ ಬಾಟಲಿಯನ್ನೂ ಮಾಲೆಯ ಕಸ್ಟಮ್ಸ್‌ನವರು ಹಿಡಿದಿಟ್ಟುಕೊಂಡು ರಸೀದಿ ಕೊಡುತ್ತಾರೆ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, 100 ವ್ಯಾಟ್–ಅವರ್ ದಾಟಬಾರದು, 20,000 ಎಂ.ಎ.ಎಚ್. ಎಂದು ಬರೆದದ್ದು ಅದರೊಳಗೆ ಬರುತ್ತದೆ.